ಕದಡಿದ ನೀರಿನ ಜಾಡು

ಮೊದಲು ಕಂಡದ್ದು ತಿಳಿನೀರು.

1976ರ ಜೂನ್ 3, ಗುರುವಾರ. ಅಮೆರಿಕದ ಐಡಹೊ ರಾಜ್ಯದ ಪೂರ್ವಭಾಗದಲ್ಲಿ, ಟೀಟನ್ ನದಿಗೆ ಅಡ್ಡಲಾಗಿ ಹೊಸದಾಗಿ ಎದ್ದಿದ್ದ ಮಣ್ಣಿನ ಅಣೆಕಟ್ಟಿನ ಕೆಳಗಡೆ, ಬುಡದಿಂದ ಸುಮಾರು 1,300 ಅಡಿ ಆಚೆಗೆ ಬಲದಂಡೆಯ ಬಂಡೆಯಿಂದ ಸಣ್ಣ ಸೆಲೆಗಳು ಒಸರುತ್ತಿದ್ದವು. ಮರುದಿನ ಇನ್ನೊಂದು ಸೆಲೆ ಕಂಡಿತು. ಅದು ಕಟ್ಟೆಗೆ ಇನ್ನೂ ಹತ್ತಿರ, ಇನ್ನೂರು ಅಡಿಯೊಳಗೆ. ಅದರ ನೀರೂ ತಿಳಿಯಾಗಿಯೇ ಇತ್ತು. ಕಾಮಗಾರಿಯ ಇಂಜಿನಿಯರುಗಳು ನೋಡಿದರು, ಎಷ್ಟು ಹರಿಯುತ್ತಿದೆ ಎಂದು ಅಂದಾಜು ಮಾಡಿದರು, ಬರೆದಿಟ್ಟುಕೊಂಡರು. ಯಾರೂ ಹೌಹಾರಲಿಲ್ಲ. ಅದನ್ನು ಅವರ ತಪ್ಪೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಮಣ್ಣಿನ ಕಟ್ಟೆ ಎಂದಮೇಲೆ ಒಂದಿಷ್ಟು ಬಸಿಯುತ್ತದೆ. ನಮ್ಮ ಕೆರೆ ಏರಿಗಳ ಹಿಂಬದಿಯಲ್ಲಿ ಬೇಸಗೆಯಲ್ಲೂ ನೆಲ ಜೌಗಾಗಿ, ಹುಲ್ಲು ಹಸಿರಾಗಿ ಇರುವುದನ್ನು ಕಂಡವರಿಗೆ ಇದು ಗೊತ್ತು. ಬಸಿದ ನೀರು ತಿಳಿಯಾಗಿದ್ದರೆ ಅದು ನೀರನ್ನಷ್ಟೇ ಹೊತ್ತು ಬರುತ್ತಿದೆ ಎಂದರ್ಥ.

ಶನಿವಾರ ಬೆಳಿಗ್ಗೆ ಏಳು, ಏಳೂವರೆಯ ಹೊತ್ತಿಗೆ ಕೆಲಸಕ್ಕೆ ಬಂದವರಿಗೆ ಕಟ್ಟೆಯ ಬುಡದಲ್ಲಿ, ಮಣ್ಣೂ ಬಲದಂಡೆಯ ಬಂಡೆಯೂ ಕೂಡುವ ಮೂಲೆಯಲ್ಲಿ, ನೀರು ಹರಿಯುವುದು ಕಂಡಿತು. ಈ ಸಲ ಅದು ಕದಡಿತ್ತು.

ಮುಂದಿನ ಐದು ತಾಸು ಹೇಗೆ ಕಳೆಯಿತು ಎಂಬುದು ಹೆಚ್ಚುಕಡಿಮೆ ನಿಮಿಷ ನಿಮಿಷದ ಲೆಕ್ಕದಲ್ಲಿ ಉಳಿದಿದೆ. ಅಲ್ಲಿದ್ದವರ ಹೇಳಿಕೆಗಳಿವೆ. ಅಣೆಕಟ್ಟು ನೋಡಲು ಬಂದಿದ್ದವರು ತೆಗೆದ ಬಣ್ಣದ ಚಿತ್ರಗಳಿವೆ. ಹತ್ತೂವರೆ ಸುಮಾರಿಗೆ ದೊಡ್ಡ ಸದ್ದಾಯಿತು. ಕಟ್ಟೆಯ ಹಿಂಬದಿಯ ಇಳಿಜಾರಿನಲ್ಲಿ, ಬಂಡೆಯಿಂದ ಹದಿನೈದು ಅಡಿ ಈಚೆಗೆ ಹೊಸ ಬಾಯಿ ತೆರೆದು ನೀರು ಚಿಮ್ಮಿತು. ಆ ತೂತಿಗೆ ಮಣ್ಣು, ಕಲ್ಲು ತಳ್ಳಿ ಮುಚ್ಚಲು ಎರಡು ಬುಲ್ಡೋಜರ್ ಇಳಿಸಿದರು. ಹನ್ನೊಂದಕ್ಕೆ ಕಟ್ಟೆಯ ಇನ್ನೊಂದು ಬದಿಯಲ್ಲಿ, ಜಲಾಶಯದೊಳಗೆ, ಸುಳಿ ಕಾಣಿಸಿಕೊಂಡಿತು. ಒಳಗೆ ಒಂದು ದಾರಿ ಈ ಬದಿಯಿಂದ ಆ ಬದಿಗೆ ತೆರೆದುಕೊಂಡಾಗಿದೆ ಎಂಬುದಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಮತ್ತೆರಡು ಬುಲ್ಡೋಜರ್ ಆ ಸುಳಿಗೆ ಬಂಡೆಗಲ್ಲು ದಬ್ಬತೊಡಗಿದವು. ಹಿಂಬದಿಯ ತೂತು ಹಿಗ್ಗುತ್ತಾ ಹೋಗಿ ಹನ್ನೊಂದೂವರೆಯ ಆಸುಪಾಸಿನಲ್ಲಿ ಅಲ್ಲಿದ್ದ ಎರಡೂ ಯಂತ್ರಗಳು ಅದರೊಳಗೆ ಉರುಳಿದವು. ಚಾಲಕರು ಹೇಗೋ ಪಾರಾದರು. ಹನ್ನೆರಡಕ್ಕೆ ಮೂರೋ ಐದೋ ನಿಮಿಷ ಇರುವಾಗ ಕಟ್ಟೆಯ ನೆತ್ತಿ ಕುಸಿಯಿತು. ಹತ್ತು ಟಿಎಂಸಿ ಅಡಿಗೂ ಹೆಚ್ಚು ನೀರು, ಎಂದರೆ ನಮ್ಮ ಕನ್ನಂಬಾಡಿ ತುಂಬಿದಾಗ ಇರುವುದರ ಐದನೇ ಒಂದು ಪಾಲಿನಷ್ಟು, ಸಂಜೆಯೊಳಗೆ ಕಣಿವೆ ಬಿಟ್ಟು ಬಯಲಿಗೆ ನುಗ್ಗಿತು.

ವಿಲ್‌ಫರ್ಡ್, ಶುಗರ್ ಸಿಟಿ, ರೆಕ್ಸ್‌ಬರ್ಗ್ ಊರುಗಳ ಮೇಲೆ ಅದು ಹಾದುಹೋಯಿತು. ಸತ್ತವರು 11 ಮಂದಿ, ದನಕರು ಸುಮಾರು 13,000. ಹಗಲು, ಶನಿವಾರ, ಎಚ್ಚರಿಕೆ ಕೊಡಲು ತಾಸಿಗೂ ಮೀರಿ ಸಿಕ್ಕ ಸಮಯ, ಇವುಗಳಿಂದಾಗಿ ಸಾವು ಅಷ್ಟಕ್ಕೇ ನಿಂತಿತು. ಇದೇ ನಡುರಾತ್ರಿಯಲ್ಲಿ ಆಗಿದ್ದರೆ ಎಂದು ಯೋಚಿಸಲೂ ಭಯವಾಗುತ್ತದೆ. ಕೊನೆಗೆ ಕೆಳಗಡೆ ಸ್ನೇಕ್ ನದಿಯ ಮೇಲಿನ ಅಮೆರಿಕನ್ ಫಾಲ್ಸ್ ಜಲಾಶಯ ಆ ನೀರನ್ನು ತಡೆದು ನಿಲ್ಲಿಸಿಕೊಂಡಿತು.

ಕಟ್ಟೆ ಒಡೆದದ್ದು ಎಲ್ಲರ ಕಣ್ಣೆದುರಿಗೆ. ಯಾಕೆ ಒಡೆಯಿತು ಎಂಬುದು ಮಾತ್ರ ಯಾರಿಗೂ ಕಾಣದ ಹಾಗೆ ಕೊಚ್ಚಿಹೋಗಿತ್ತು. ಮುರಿದುಹೋದ ಜಾಗವೇ ಇಲ್ಲದಾಗ ಮುರಿದ ಕಾರಣವನ್ನು ಹುಡುಕುವುದು ಹೇಗೆ? ನನಗೆ ಹೇಳಬೇಕೆನಿಸುವುದು ಆ ಹುಡುಕಾಟದ ಕತೆ.

ಟೀಟನ್ ಕಟ್ಟೆ ಕಳಪೆ ಕಾಮಗಾರಿಯಾಗಿರಲಿಲ್ಲ. ಅದನ್ನು ಕಟ್ಟಿಸಿದ ‘ಬ್ಯೂರೋ ಆಫ್ ರೆಕ್ಲಮೇಷನ್’ ಅಮೆರಿಕದ ಪಶ್ಚಿಮದ ಒಣನೆಲಗಳಿಗೆ ಮುಕ್ಕಾಲು ಶತಮಾನ ನೀರು ಕೊಟ್ಟ ಸಂಸ್ಥೆ. ಹೂವರ್ ಅಣೆಕಟ್ಟು ಅದರದೇ ಕೆಲಸ. ಟೀಟನ್‌ನಲ್ಲಿ ಕಟ್ಟೆಯ ಎತ್ತರ 305 ಅಡಿ, ನೆತ್ತಿಯ ಉದ್ದ ಸುಮಾರು 3,100 ಅಡಿ, ಬುಡದ ಅಗಲ 1,700 ಅಡಿ. ಲಕ್ಷ ಎಕರೆಗೂ ಮೀರಿದ ಹೊಲಗಳಿಗೆ ನೀರು, ಒಂದಿಷ್ಟು ವಿದ್ಯುತ್, ನೆರೆ ತಡೆ ಇವು ಯೋಜನೆಯ ಉದ್ದೇಶ. ಆಲೂಗಡ್ಡೆ ಬೆಳೆಯುವ ಆ ರೈತರು ಹಿಂದೆ ಬರವನ್ನೂ ಕಂಡಿದ್ದರು, ನೆರೆಯನ್ನೂ ಕಂಡಿದ್ದರು. ಕಟ್ಟೆ ಬೇಕೆಂದು ಕೇಳಿದವರಲ್ಲಿ ಅವರೂ ಇದ್ದರು. 1972ರಲ್ಲಿ ಕೆಲಸ ಶುರುವಾಗಿ 1975ರ ಕೊನೆಗೆ ಕಟ್ಟೆ ಎದ್ದು ನಿಂತಿತು. ಅದೇ ಅಕ್ಟೋಬರಿನಲ್ಲಿ ನೀರು ತುಂಬಿಸಲು ತೊಡಗಿದ್ದರು.

ತೊಂದರೆ ಇದ್ದದ್ದು ದಂಡೆಯ ಬಂಡೆಯಲ್ಲಿ. ಅದು ಯೆಲ್ಲೊಸ್ಟೋನ್ ಕಡೆಯ ಜ್ವಾಲಾಮುಖಿ ಕಾರಿದ ಬಿಸಿ ಬೂದಿ ಬಿದ್ದಲ್ಲೇ ಬೆಸೆದುಕೊಂಡು ಆದ ಕಲ್ಲು. ತಣಿಯುವಾಗ ಸೀಳುಸೀಳಾಗಿ ಬಿರಿದಿತ್ತು. 1969ರಲ್ಲಿ ಪರೀಕ್ಷೆಗೆಂದು ತೂತು ಕೊರೆದು ಸಿಮೆಂಟ್ ಗಂಜಿ ಒತ್ತಿದಾಗ, ಬಂಡೆ ಅದನ್ನು ಕುಡಿಯುತ್ತಲೇ ಹೋಯಿತು. ಸಿಮೆಂಟ್ ಗಂಜಿ ಒತ್ತಿ ಬಂಡೆಯ ಬಿರುಕು ಮುಚ್ಚುವುದಕ್ಕೆ ‘ಗ್ರೌಟಿಂಗ್’ ಎನ್ನುತ್ತಾರೆ. ದಂಡೆಯ ಮೇಲುಭಾಗದ ಬಂಡೆಗೆ ಹೀಗೆ ಗ್ರೌಟ್ ಸುರಿಯುತ್ತಾ ಕೂತರೆ ಮುಗಿಯದು ಎಂದು ಲೆಕ್ಕ ಹಾಕಿ, ವಿನ್ಯಾಸಕಾರರು ಬೇರೆ ದಾರಿ ಹಿಡಿದರು. ಬಿರಿದ ಬಂಡೆಯನ್ನೇ ಕಡಿದು ತೆಗೆದು ಎಪ್ಪತ್ತು ಅಡಿ ಆಳದ ಕಂದಕ ತೋಡಿದರು. ತಳ ಮೂವತ್ತು ಅಡಿ ಅಗಲ, ಪಕ್ಕಗಳು ಕಡಿದಾದವು. ಅದರೊಳಗೆ ಕಟ್ಟೆಯ ತಿರುಳಿನ, ಎಂದರೆ ನೀರು ತಡೆಯುವ ನಡುಭಾಗದ, ಮಣ್ಣನ್ನೇ ತುಂಬಿ ಒತ್ತಿ ಗಟ್ಟಿ ಮಾಡಿದರು. ತಳದ ಬಂಡೆಗೆ ಕೆಳಮುಖವಾಗಿ ಗ್ರೌಟ್ ಪರದೆ ಇಳಿಸಿದರು. ಬೀಗಕ್ಕೆ ಕೀಲಿಕೈ ಕೂತ ಹಾಗೆ ಕಟ್ಟೆ ಬಂಡೆಯೊಳಗೆ ಕೂರಬೇಕು, ನೀರು ಪಕ್ಕದಿಂದ ನುಸುಳಬಾರದು ಎಂಬುದು ಆಲೋಚನೆ. ಹೆಸರೂ ಅದೇ, ‘ಕೀ ಟ್ರೆಂಚ್’.

1974ರಲ್ಲಿ ಬಲದಂಡೆಯಲ್ಲಿ ಆ ಕಂದಕ ತೋಡುವಾಗ ಬರಿಯ ಸೀಳುಗಳಲ್ಲ, ಮನುಷ್ಯ ಒಳಹೊಕ್ಕು ನಡೆಯಬಹುದಾದ ಬಿರುಕುಗಳೇ ತೆರೆದುಕೊಂಡವು. ದೊಡ್ಡವುಗಳಿಗೆ ಕಾಂಕ್ರೀಟ್ ಸುರಿದು ಕೆಲಸ ಮುಂದುವರಿಸಿದರು. ಸಣ್ಣ ಸೀಳುಗಳೆಲ್ಲಕ್ಕೂ ಮುಚ್ಚಿಗೆ ಬೀಳಲಿಲ್ಲ.

ಇನ್ನು ಕಂದಕಕ್ಕೆ ತುಂಬಿದ ಮಣ್ಣು. ಐಡಹೊದ ಆ ಬಯಲಿನಲ್ಲಿ ಹೇರಳವಾಗಿ ಸಿಗುವುದು ಗಾಳಿ ಹೊತ್ತು ತಂದು ಹರಡಿದ ನುಣ್ಣನೆಯ ಹುಡಿಮಣ್ಣು. ಬೆಳೆಗೆ ಬಂಗಾರ. ಒತ್ತಿದರೆ ಗಟ್ಟಿಯಾಗುತ್ತದೆ, ನೀರನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಆದರೆ ಜೇಡಿಮಣ್ಣಿಗಿರುವ ಅಂಟು ಇದಕ್ಕಿಲ್ಲ. ಹರಿವ ನೀರು ತಾಗಿದರೆ ಸಕ್ಕರೆಯಂತೆ ಬಿಟ್ಟುಕೊಡುತ್ತದೆ.

ಕಟ್ಟೆ ಕುಸಿದ ತಿಂಗಳಲ್ಲೇ ಅಮೆರಿಕದ ಒಳಾಡಳಿತ ಕಾರ್ಯದರ್ಶಿಯೂ ಐಡಹೊದ ಗವರ್ನರೂ ಸೇರಿ ಒಂದು ಸ್ವತಂತ್ರ ತನಿಖಾ ಮಂಡಳಿ ನೇಮಿಸಿದರು. ಅಧ್ಯಕ್ಷ ವಾಲೇಸ್ ಚಾಡ್ವಿಕ್. ಸದಸ್ಯರ ಪಟ್ಟಿಯಲ್ಲಿ ಮೂರು ಹೆಸರುಗಳ ಮೇಲೆ ಕಣ್ಣು ನಿಲ್ಲುತ್ತದೆ: ಹಾರ್ವರ್ಡ್‌ನ ಆರ್ಥರ್ ಕಾಸಗ್ರಾಂಡೆ, ಇಲಿನಾಯ್‌ನ ರಾಲ್ಫ್ ಪೆಕ್, ಬರ್ಕ್ಲಿಯ ಬೋಲ್ಟನ್ ಸೀಡ್. ಮಣ್ಣಿನ ಯಂತ್ರಶಾಸ್ತ್ರ ಎಂಬ ವಿದ್ಯೆಯನ್ನು ಕಟ್ಟಿದವರ ಸಾಲಿನಲ್ಲಿ ಮುಂದೆ ಕೂರುವವರು ಇವರು. ಕಾಸಗ್ರಾಂಡೆಯೂ ಪೆಕ್‌ನೂ ಕಾರ್ಲ್ ಟೆರ್ಜಾಗಿಯ ಜೊತೆಗೇ ಕೆಲಸ ಮಾಡಿ ಬೆಳೆದವರು.

ಇಲ್ಲಿ ಟೆರ್ಜಾಗಿಯ ವಿಷಯ ಸ್ವಲ್ಪ ಹೇಳದೆ ಮುಂದೆ ಹೋಗಲಾರೆ. ಪ್ರಾಗ್‌ನಲ್ಲಿ ಹುಟ್ಟಿದ ಈತ 1912ರಲ್ಲಿ, ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ, ಅಮೆರಿಕಕ್ಕೆ ಹೊರಟ. ಪಶ್ಚಿಮದ ಒಣನೆಲದಲ್ಲಿ ನೀರಾವರಿ ಇಲಾಖೆ ಕಟ್ಟುತ್ತಿದ್ದ ಅಣೆಕಟ್ಟುಗಳನ್ನು ಒಂದೊಂದಾಗಿ ನೋಡಿ, ಯಾವ ನೆಲದ ಮೇಲೆ ಯಾವ ಕಟ್ಟೆ ಹೇಗೆ ನಡೆದುಕೊಂಡಿತು ಎಂದು ಹೊಂದಿಸಿ ನೋಡಿದರೆ ನಿಯಮವೇನಾದರೂ ಸಿಕ್ಕೀತು ಎಂಬ ಆಸೆ. ಸಿಗಲಿಲ್ಲ. ಕಟ್ಟಿದವರು ಮಣ್ಣನ್ನು ಮರಳು, ಜೇಡಿ ಎಂದು ಬರೆದಿದ್ದರೇ ಹೊರತು ಅದರ ಗುಣ ಅಳೆದಿರಲಿಲ್ಲ. ಬೇಸರದಿಂದ ಹಿಂತಿರುಗಿದ. ಮುಂದೆ ಇಸ್ತಾಂಬುಲಿನಲ್ಲಿ ಪಾಠ ಹೇಳಿಕೊಂಡಿದ್ದಾಗ ಸಿಗಾರ್ ಪೆಟ್ಟಿಗೆಗಳಲ್ಲಿ, ಕಸದಿಂದ ಆಯ್ದ ಸಾಮಾನುಗಳಲ್ಲಿ ತಾನೇ ಉಪಕರಣ ಮಾಡಿಕೊಂಡು ಮಣ್ಣನ್ನು ಒತ್ತಿ, ಹಿಂಡಿ, ನೀರೂಡಿಸಿ ನೋಡಿದ. ಅವನಿಗೆ ಹೊಳೆದದ್ದು ಇಷ್ಟು: ನೆನೆದ ಮಣ್ಣಿನ ಮೇಲೆ ಬೀಳುವ ಭಾರವನ್ನು ಇಬ್ಬರು ಹೊರುತ್ತಾರೆ, ಕಾಳು ಒಂದಿಷ್ಟು, ಕಾಳುಗಳ ನಡುವಿನ ನೀರು ಒಂದಿಷ್ಟು. ಮಣ್ಣಿಗೆ ಬಲ ಕೊಡುವುದು ಕಾಳುಗಳು ಹೊತ್ತ ಪಾಲು ಮಾತ್ರ. ನೀರಿನ ಒತ್ತಡ ಏರಿದಷ್ಟೂ ಕಾಳುಗಳ ಹಿಡಿತ ಸಡಿಲ. 1925ರಲ್ಲಿ ಈ ಎಲ್ಲವೂ ಪುಸ್ತಕವಾಗಿ ಬಂತು. ಅದಕ್ಕೂ ಮುಂಚೆ, 1922ರಲ್ಲೇ, ಕಟ್ಟೆಯ ಬುಡದಲ್ಲಿ ನೀರು ಮಣ್ಣನ್ನು ಹೊತ್ತೊಯ್ಯದಂತೆ ತಡೆಯಲು ಅಳತೆ ಹಾಕಿದ ಮರಳು, ಜಲ್ಲಿಯ ಹಾಸನ್ನು ಆತ ಸೂಚಿಸಿದ್ದ. ಟೀಟನ್ ಒಡೆಯುವ ಹೊತ್ತಿಗೆ ಟೆರ್ಜಾಗಿ ತೀರಿಕೊಂಡು ಹೆಚ್ಚುಕಡಿಮೆ ಹದಿಮೂರು ವರ್ಷವಾಗಿತ್ತು. ಆತ ಬರಿಗೈಯಲ್ಲಿ ಅಲೆದು ಹೋದ ಅದೇ ಒಣನೆಲಕ್ಕೆ ಈಗ ಅವನ ಒಡನಾಡಿಗಳು ಬಂದು ನಿಂತಿದ್ದರು.

ನೀರು ಮಣ್ಣಿನೊಳಗೆ ಬಿಲ ಕೊರೆಯುವುದಕ್ಕೆ ಇಂಜಿನಿಯರುಗಳು ‘ಪೈಪಿಂಗ್’ ಎನ್ನುತ್ತಾರೆ. ಗದ್ದೆ ಬದುವಿನ ಏಡಿಬಿಲ ನೋಡಿದ ರೈತನಿಗೆ ಬೇರೆ ವಿವರಣೆ ಬೇಡ. ಬಿಲದ ಹೊರಬಾಯಿಯಲ್ಲಿ ಮಣ್ಣಿನ ಕಾಳು ಒಂದೊಂದಾಗಿ ಜಾರುತ್ತದೆ. ಜಾರಿದಷ್ಟೂ ನೀರಿಗೆ ದಾರಿ ಹತ್ತಿರವಾಗುತ್ತದೆ, ಸೆಳೆತ ಹೆಚ್ಚುತ್ತದೆ, ಇನ್ನಷ್ಟು ಕಾಳು ಜಾರುತ್ತದೆ. ಹೀಗೆ ಹೊರಗಿನಿಂದ ಒಳಕ್ಕೆ ಬಿಲ ಬೆಳೆಯುತ್ತಾ ಒಮ್ಮೆ ನೀರಿನ ಬದಿ ಮುಟ್ಟಿತೆಂದರೆ ಮುಗಿಯಿತು. ಇದು ಹಳೆಯ ತಿಳಿವಳಿಕೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ ಹಾಕಿಸಿದ ಶಾಸನದಲ್ಲಿ ಒಳ್ಳೆಯ ಕೆರೆಗೆ ಬೇಕಾದ ಅಂಗಗಳ ಪಟ್ಟಿಯ ಜೊತೆಗೆ ಕೆರೆಯ ದೋಷಗಳ ಪಟ್ಟಿಯೂ ಇದೆ. ಅದರಲ್ಲಿ ಏರಿಯಿಂದ ನೀರು ಒಸರುವುದೂ ಒಂದು. ಟೀಟನ್‌ನಲ್ಲೂ ಪೈಪಿಂಗ್ ನಡೆದಿದೆ ಎಂಬುದರ ಬಗ್ಗೆ ಮಂಡಳಿಗೆ ಮೊದಲ ದಿನದಿಂದಲೇ ಅನುಮಾನ ಇರಲಿಲ್ಲ. ಪ್ರಶ್ನೆ ಇದ್ದದ್ದು ಮೊದಲ ಬಿರುಕಿನ ಬಗ್ಗೆ. ಅಷ್ಟು ದಪ್ಪದ, ಅಷ್ಟು ಗಟ್ಟಿಯಾಗಿ ಒತ್ತಿದ ಮಣ್ಣಿನೊಳಗೆ ನೀರಿಗೆ ಮೊದಲ ದಾರಿ ಸಿಕ್ಕಿದ್ದು ಎಲ್ಲಿಂದ?

ಸಂದೇಹಿತರು ಹಲವರಿದ್ದರು. ಭೂಕಂಪವೇ? ಅಂದು ಅಂಥ ನಡುಕ ದಾಖಲಾಗಿರಲಿಲ್ಲ. ಕಟ್ಟೆಯ ಭಾರಕ್ಕೆ ಬುಡ ಕುಸಿದು ಮಣ್ಣು ಬಿರಿಯಿತೇ? ಬಂಡೆ ಅಷ್ಟು ಮೆತ್ತಗಿರಲಿಲ್ಲ. ನೀರು ಬೇಗ ತುಂಬಿದ್ದೇ ಕಾರಣವೇ? ಇದರ ಬಗ್ಗೆ ಜನ ಹೆಚ್ಚು ಮಾತಾಡಿದರು. ದಿನಕ್ಕೆ ಒಂದು ಅಡಿಗಿಂತ ವೇಗವಾಗಿ ತುಂಬಿಸಬಾರದೆಂದು ಮೊದಲು ಗೊತ್ತುಮಾಡಿದ್ದರು. ಆ ವರ್ಷ ಬೆಟ್ಟದಲ್ಲಿ ಹಿಮ ಜೋರಾಗಿ ಕರಗಿತು. ನೀರು ಹೊರಬಿಡುವ ಮುಖ್ಯ ತೂಬಿನ ಕೆಲಸ ಮುಗಿದಿರಲಿಲ್ಲ; ಪಕ್ಕದ ಸಣ್ಣ ತೂಬಿನಿಂದ ಎಷ್ಟೆಂದು ಬಿಟ್ಟಾರು? ಮೇ ತಿಂಗಳಲ್ಲಿ ಜಲಾಶಯ ದಿನಕ್ಕೆ ಮೂರು, ನಾಲ್ಕು ಅಡಿಯಂತೆ ಏರಿತು. ಆದರೂ ಮಂಡಳಿ ಇದನ್ನು ಮೂಲಕಾರಣವೆಂದು ಒಪ್ಪಲಿಲ್ಲ. ನಿಧಾನವಾಗಿ ತುಂಬಿದ್ದರೆ ಒಡೆಯುವುದು ಸ್ವಲ್ಪ ತಡವಾಗುತ್ತಿತ್ತು, ನೋಡಿ ತಿದ್ದಿಕೊಳ್ಳಲು ಬಹುಶಃ ಸಮಯ ಸಿಗುತ್ತಿತ್ತು, ಅಷ್ಟೆ. ಬಿರುಕು ಬೇರೆಲ್ಲೋ ಇತ್ತು.

ಬಲದಂಡೆಯ ಮಣ್ಣು ಪೂರಾ ಹೋಗಿತ್ತು. ಉಳಿದದ್ದು ಬಂಡೆಯಲ್ಲಿ ತೋಡಿದ್ದ ಬರಿಯ ಕಂದಕ, ಅದರ ತಳದಲ್ಲಿ ಗ್ರೌಟ್ ಪರದೆಯ ನೆತ್ತಿಗೆ ಹಾಕಿದ್ದ ಒಂದಿಷ್ಟು ಕಾಂಕ್ರೀಟ್ ಪಟ್ಟಿ. ಆದರೆ ಎಡದಂಡೆಯ ಕಡೆ ಕಟ್ಟೆಯ ದೊಡ್ಡ ಭಾಗ ಹಾಗೆಯೇ ನಿಂತಿತ್ತು. ಅದೇ ಮಣ್ಣು, ಅದೇ ಕಂದಕ, ಅದೇ ಕೈಗಳ ಕೆಲಸ. ಕಳೆದುಹೋದ ಬಲಗಡೆಯ ಗುಣವನ್ನು ಉಳಿದ ಎಡಗಡೆಯಿಂದ ಓದಬಹುದು. ತನಿಖೆಯ ಇಡೀ ಬುದ್ಧಿವಂತಿಕೆ ಈ ಒಂದು ನಡೆಯಲ್ಲಿದೆ ಎನಿಸುತ್ತದೆ ನನಗೆ. ಎಡಗಡೆ ಅಗೆದರು, ಮಣ್ಣಿನ ತುಂಡು ಕಡಿದು ಪ್ರಯೋಗಾಲಯಕ್ಕೆ ಕಳಿಸಿದರು. ತೂತು ಕೊರೆದು ಒಳಗೆ ನೀರು ಒತ್ತಿ, ಎಷ್ಟು ಒತ್ತಡಕ್ಕೆ ಆ ಮಣ್ಣು ಸೀಳುತ್ತದೆ ಎಂದು ಸ್ಥಳದಲ್ಲೇ ಅಳೆದರು. ಬಲಗಡೆಯ ಬರಿ ಬಂಡೆಯ ಮೇಲೆ, ತಳದ ಕಾಂಕ್ರೀಟ್ ಪಟ್ಟಿಯ ಪಕ್ಕದಲ್ಲಿ ನೀರು ನಿಲ್ಲಿಸಿ ನೋಡಿದರು. ಪಟ್ಟಿಯ ಅಡಿಯ ಸೀಳುಗಳಿಂದ ನೀರು ಆಚೆಗೆ ಹೊರಟಿತು. ಅಲ್ಲಿಗೆ ಒಂದು ಎಳೆ ಸಿಕ್ಕಿತು: ಗ್ರೌಟ್ ಪರದೆಯ ನೆತ್ತಿಯಲ್ಲೇ, ಮಣ್ಣು ಬಂಡೆಗೆ ತಾಗುವ ಜಾಗದಲ್ಲೇ, ನೀರಿಗೆ ತೆರೆದ ದಾರಿಗಳಿದ್ದವು.

ಇನ್ನೊಂದು ಎಳೆ ಲೆಕ್ಕದಿಂದ ಬಂತು. ಅದು ಸಿಕ್ಕಿದ್ದು ಕಂದಕದೊಳಗೆ.

ಎತ್ತರದ ಕಣಜಕ್ಕೆ ಜೋಳ ತುಂಬಿದಿರಿ ಎನ್ನಿ. ಮೇಲಿನ ಜೋಳದ ಭಾರವೆಲ್ಲ ತಳದ ಹಲಗೆಯ ಮೇಲೆ ಬೀಳುತ್ತದೆ ಎಂದು ತೋರುತ್ತದೆ. ಹಾಗಾಗುವುದಿಲ್ಲ. ಕಾಳು ಗೋಡೆಗೆ ಉಜ್ಜುತ್ತಾ, ಗೋಡೆಯಿಂದ ಗೋಡೆಗೆ ಕಮಾನು ಕಟ್ಟಿದ ಹಾಗೆ ನಿಂತು, ತನ್ನ ಭಾರದ ಬಹುಪಾಲನ್ನು ಗೋಡೆಗೇ ವಹಿಸುತ್ತದೆ. 1895ರಲ್ಲಿ ಯಾನ್ಸೆನ್ ಎಂಬ ಜರ್ಮನ್ ಇಂಜಿನಿಯರ್ ಕಣಜಗಳಲ್ಲಿ ಇದನ್ನು ಅಳೆದು ತೋರಿಸಿದ್ದ. ಒಂದು ಎತ್ತರ ದಾಟಿದ ಮೇಲೆ ಎಷ್ಟೇ ಸುರಿದರೂ ತಳದ ಒತ್ತಡ ಏರುವುದಿಲ್ಲ.

ಟೀಟನ್‌ನ ಕಂದಕ ಅಂಥ ಒಂದು ಕಣಜ. ಎರಡೂ ಪಕ್ಕ ಕಡಿದಾದ ಗಟ್ಟಿ ಬಂಡೆ, ನಡುವೆ ಕಿರಿದಾದ ಸಂದಿನಲ್ಲಿ ಮಣ್ಣು. ಮಣ್ಣು ತನ್ನ ಭಾರಕ್ಕೆ ಒಂದಿಷ್ಟು ಕುಗ್ಗಲೇಬೇಕು, ಬಂಡೆ ಕುಗ್ಗುವುದಿಲ್ಲ. ಕುಗ್ಗುವ ಮಣ್ಣು ಪಕ್ಕದ ಗೋಡೆಗೆ ಜೋತುಬಿತ್ತು, ಕಮಾನಾಯಿತು. ಸೀಡ್ ಮತ್ತು ಸಂಗಡಿಗರು ಕಂದಕದ ಅಡ್ಡಸೀಳನ್ನು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ಚೂರುಗಳಾಗಿ ಬಿಡಿಸಿ ಒಂದೊಂದರ ಒತ್ತಡ ಲೆಕ್ಕ ಹಾಕಿದಾಗ, ಕಂದಕದ ತಳದಲ್ಲಿ ಮಣ್ಣಿನ ಕಾಳುಗಳು ಹೊರುತ್ತಿದ್ದ ಭಾರ ನೆತ್ತಿಯ ಮೇಲಿರುವ ಮಣ್ಣಿನ ಎತ್ತರಕ್ಕೆ ಹೋಲಿಸಿದರೆ ಬಹಳ ಕಡಿಮೆ ಎಂದು ಕಂಡಿತು. ಈಗ ಆ ಮಣ್ಣಿನ ಎದುರಿಗೆ, ಬಂಡೆಯ ಸೀಳುಗಳಲ್ಲಿ, ಜಲಾಶಯದ ಪೂರ್ತಿ ಎತ್ತರದ ನೀರಿನ ಒತ್ತಡ ಬಂದು ನಿಂತಿದೆ. ಮಣ್ಣನ್ನು ಒಟ್ಟಿಗೆ ಹಿಡಿದಿಟ್ಟ ಒತ್ತಡಕ್ಕಿಂತ ನೀರಿನ ಒತ್ತಡ ಮೇಲಾದ ಕಡೆ ನೀರು ಮಣ್ಣಿನೊಳಗೆ ಬೆರಳು ತೂರಿಸಿ ಸೀಳುತ್ತದೆ. ಟೆರ್ಜಾಗಿಯ ಸಿಗಾರ್ ಪೆಟ್ಟಿಗೆಯಿಂದ ಹೊರಟ ಲೆಕ್ಕ ಇಲ್ಲಿಗೆ ಬಂದು ಮುಟ್ಟಿತು. ಎಡಗಡೆಯ ತೂತುಗಳಲ್ಲಿ ನೀರೊತ್ತಿ ಪಡೆದ ಅಳತೆಗಳನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ತಾಳೆ ನೋಡಿದರು.

ನೀರಿನ ಒತ್ತಡಕ್ಕೆ ಕಟ್ಟೆಯ ತಿರುಳು ಸೀಳಬಹುದೆಂಬ ಅನುಮಾನ ಆಗ ತೀರಾ ಹೊಸದೇನೂ ಅಲ್ಲ. 1966ರಲ್ಲಿ ನಾರ್ವೆಯ ಹಿಟ್ಟೆಯೂವೆಟ್ ಕಟ್ಟೆಯಲ್ಲಿ ಮೊದಲ ಸಲ ನೀರು ತುಂಬುವಾಗ ಸೋರಿಕೆ ಒಮ್ಮೆಗೇ ಜಿಗಿದಿತ್ತು. ಮರುವರ್ಷ ಇಂಗ್ಲೆಂಡಿನ ಉತ್ತರದ ಬಾಲ್ಡರ್‌ಹೆಡ್ ಕಟ್ಟೆಯ ನೆತ್ತಿಯಲ್ಲಿ ಗುಂಡಿ ಬಿದ್ದಿತ್ತು. ಎರಡೂ ಕಡೆ ತಿರುಳು ತೆಳ್ಳಗಿತ್ತು, ಪಕ್ಕದ ಕಲ್ಲಿನ ತುಂಬುಗೆ ಅದನ್ನು ಎತ್ತಿ ಹಿಡಿದಿತ್ತು. ಎರಡೂ ಕಟ್ಟೆಗಳು ಒಡೆಯಲಿಲ್ಲ, ರಿಪೇರಿಯಾದವು. ಕಟ್ಟೆ ಒಡೆಯದಿದ್ದರೆ ಸುದ್ದಿ ದೂರ ಹೋಗುವುದಿಲ್ಲ. ಬಂಡೆಯಲ್ಲಿ ತೋಡಿದ ಕಂದಕವೂ ಹಾಗೆಯೇ ವರ್ತಿಸೀತೆಂದು ಟೀಟನ್ ವಿನ್ಯಾಸದ ಮೇಜಿನ ಮೇಲೆ ಯಾರೂ ಬರೆದಿಡಲಿಲ್ಲ.

1976ರ ಡಿಸೆಂಬರ್ ಕೊನೆಗೆ, ಆರೇ ತಿಂಗಳಲ್ಲಿ, ವರದಿ ಹೊರಬಂತು. ಮಂಡಳಿ ತನಗೆ ತಿಳಿದಷ್ಟನ್ನೇ ಹೇಳಿತು. ಮೊದಲ ದಾರಿ ಎರಡರಲ್ಲಿ ಒಂದು: ನೀರಿನ ಒತ್ತಡಕ್ಕೆ ಕಂದಕದ ಮಣ್ಣು ಸೀಳಿದ್ದು, ಇಲ್ಲವೇ ಮುಚ್ಚದೆ ಉಳಿದ ಸೀಳುಗಳಲ್ಲಿ ಹರಿದ ನೀರು ತನಗೆ ತಾಗಿದ ಮಣ್ಣನ್ನು ತೊಳೆದದ್ದು. ಎರಡೂ ಕೂಡಿಯೇ ನಡೆದಿರಬಹುದು. ಯಾವುದು ಮೊದಲು ಎಂದು ಹೇಳಬಲ್ಲ ಮಣ್ಣು ನದಿಯ ಪಾಲಾಗಿತ್ತು. ಎರಡು ದಾರಿಗಳೂ ಹೊರಟದ್ದು ಮಾತ್ರ ಒಂದೇ ಜಾಗದಿಂದ, ಆ ಕೀಲಿ ಕಂದಕದಿಂದ. ಅಲ್ಲಿಂದ ಹೊರಬಿದ್ದ ಹುಡಿಮಣ್ಣಿಗೆ ಕೆಳಬದಿಯ ಬಂಡೆಯ ಬಿರುಕುಗಳು ಬಾಯಿ ತೆರೆದು ನಿಂತಿದ್ದವು. ನಡುವೆ ಅದನ್ನು ತಡೆದು ನಿಲ್ಲಿಸುವ ಮರಳಿನ ಹಾಸು ಇರಲಿಲ್ಲ. ಕಟ್ಟಿದವರು ನಕ್ಷೆಯಂತೆಯೇ ಕಟ್ಟಿದ್ದರು. ಆ ಜಾಗದ ಸ್ವಭಾವದಲ್ಲೇ ಇದ್ದ ಅಪಾಯಗಳು ಹೇಗೆಲ್ಲ ಒಟ್ಟುಗೂಡಬಹುದು ಎಂಬುದನ್ನು ನಕ್ಷೆ ಬರೆದವರು ಕಲ್ಪಿಸಿಕೊಳ್ಳಲಿಲ್ಲ, ಅವುಗಳ ಎದುರು ಎರಡನೆಯ ಕಾವಲನ್ನು ಇಡಲಿಲ್ಲ ಎಂದು ಮಂಡಳಿ ಬರೆಯಿತು. ನೀರು ನುಸುಳಬಾರದೆಂದು ಅಷ್ಟು ಕಷ್ಟಪಟ್ಟು ತೋಡಿದ ಕಂದಕವೇ ನೀರಿಗೆ ದಾರಿಯಾಯಿತು ಎಂಬುದನ್ನು ಓದಿದಾಗ, ವರ್ಷಗಟ್ಟಲೆ ಆ ಹಾಳೆಗಳ ಮೇಲೆ ಬಗ್ಗಿ ಕೂತಿದ್ದವರ ಎದೆಗೆ ಏನಾಗಿರಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಎಡಗಡೆಯ ಉಳಿಕೆಯನ್ನು ಇನ್ನಷ್ಟು ಅಗೆದಾಗ ಒಳಗೆ ತೆಳುವಾದ ಒದ್ದೆ ಪದರಗಳು ಸಿಕ್ಕವು. ಸುತ್ತಲಿನ ಮಣ್ಣು ಗಟ್ಟಿ, ಈ ಪದರಗಳು ಮೆತ್ತಗೆ, ಹಸಿ. ಅವು ಕಟ್ಟುವಾಗಲೇ ಸರಿಯಾಗಿ ಒತ್ತಿಗೆ ಸಿಗದೆ ಉಳಿದವೇ, ಆಮೇಲೆ ನೀರು ನುಗ್ಗಿ ಆದವೇ ಎಂಬ ಚರ್ಚೆ 1980ರ ದಶಕದಲ್ಲಿ ಬಹಳ ನಡೆಯಿತು. ಬಲಗಡೆಯಲ್ಲೂ ಅಂಥ ಪದರವಿದ್ದು, ನೀರು ಅದನ್ನೇ ಹಿಡಿದು ಹೊರಟಿರಬಹುದೆಂದು ವಾದಿಸಿದವರಿದ್ದರು. ನನ್ನ ಮಟ್ಟಿಗೆ, ಈ ವಾದಗಳೆಲ್ಲ ಎಲ್ಲಿಗೆ ಹೋಗಿ ಕೂಡಿದವು ಎಂಬುದೇ ದೊಡ್ಡ ಸಂಗತಿ. ಮಣ್ಣಿನ ಕಟ್ಟೆಯಲ್ಲಿ ಬಿರುಕು ಎಲ್ಲಿ ಬರುತ್ತದೆ, ಯಾಕೆ ಬರುತ್ತದೆ ಎಂದು ಪೂರ್ತಿಯಾಗಿ ಮುಂಚೆಯೇ ಹೇಳಲಾಗದು. ಹಾಗಾದರೆ ಬಿರುಕು ಬಂದೇ ಬರುತ್ತದೆ ಎಂದು ಎಣಿಸಿ ಕಟ್ಟಿದರೆ?

ಈ ಪ್ರಶ್ನೆಯನ್ನು ಕೈಯಾರೆ ಹಿಡಿದು ಪರೀಕ್ಷಿಸಿದವರು ಜೇಮ್ಸ್ ಶೆರಾರ್ಡ್ ಮತ್ತು ಸಂಗಡಿಗರು. ಜಗತ್ತಿನ ಹಲವೆಡೆ ಸೋರುವ ಕಟ್ಟೆಗಳ ಬೆನ್ನು ಹತ್ತಿ ಓಡಾಡಿದ ಸಲಹೆಗಾರ ಶೆರಾರ್ಡ್. ನೆಬ್ರಾಸ್ಕದ ಲಿಂಕನ್‌ನಲ್ಲಿದ್ದ ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆಯ ಪ್ರಯೋಗಾಲಯದಲ್ಲಿ ಲೊರ್ನ್ ಡನಿಗನ್, ಜೇಮ್ಸ್ ಟಾಲ್ಬಟ್ ಅವರೊಂದಿಗೆ ಅವರು ನಡೆಸಿದ ಪ್ರಯೋಗಗಳ ಫಲ 1980ರ ದಶಕದಲ್ಲಿ ಹೊರಬಂತು. ಅದುವರೆಗಿನ ಪ್ರಯೋಗಗಳು ಬಿರುಕಿಲ್ಲದ ಮಣ್ಣಿನ ಮೂಲಕ ನೀರು ಬಸಿಯುವುದನ್ನು ನೋಡುತ್ತಿದ್ದವು. ಇವರು ಬೇಕೆಂದೇ ಬಿರುಕು ಮಾಡಿದರು. ಒಂದು ಕೊಳವೆಯೊಳಗೆ ಕೆಳಗೆ ಮರಳು, ಅದರ ಮೇಲೆ ಗಟ್ಟಿಯಾಗಿ ಒತ್ತಿದ ಕಟ್ಟೆ ಮಣ್ಣಿನ ಬಿಲ್ಲೆ, ಬಿಲ್ಲೆಯ ನಡುವೆ ಸೂಜಿಯಷ್ಟು ತೆಳುವಾದ ತೂತು. ಮೇಲಿನಿಂದ, ಎತ್ತರದ ಕಟ್ಟೆಯೊಳಗೆ ಇರಬಹುದಾದಷ್ಟು ಒತ್ತಡದಲ್ಲಿ, ನೀರು ಬಿಡುವುದು. ಮರಳಿನ ಕಾಳಿನ ಗಾತ್ರವನ್ನು ಬದಲಿಸುತ್ತಾ ಮತ್ತೆ ಮತ್ತೆ ಇದನ್ನೇ ಮಾಡಿದರು.

ಮರಳು ಅಗತ್ಯಕ್ಕಿಂತ ದಪ್ಪವಾಗಿದ್ದರೆ ಟೀಟನ್ ಬೆಳಗು ಕೊಳವೆಯೊಳಗೆ ಮರುಕಳಿಸುತ್ತಿತ್ತು. ತೂತು ಹಿಗ್ಗುತ್ತಿತ್ತು, ಕೆಳಗಿನಿಂದ ಬರುವ ನೀರು ಕೆಸರಾಗಿಯೇ ಇರುತ್ತಿತ್ತು, ಬಿಲ್ಲೆ ಕರಗಿ ಹೋಗುತ್ತಿತ್ತು. ಕಾಳು ಸಣ್ಣದಾಗಿಸುತ್ತಾ ಬಂದ ಹಾಗೆ ಒಂದು ಗೆರೆ ಕಂಡಿತು. ಅದನ್ನು ದಾಟಿದೊಡನೆ ನಡತೆಯೇ ಬೇರೆ. ನುಣ್ಣನೆಯ ಮಣ್ಣುಗಳಲ್ಲಿ ಹೆಚ್ಚಿನವಕ್ಕೆ ಸಾಧಾರಣ ಮರಳೇ ಸಾಕಾಗುತ್ತಿತ್ತು. ಮನೆ ಕಟ್ಟುವವರು ಜರಡಿ ಹಿಡಿದು ಆರಿಸುವಂಥ ಮರಳು. ಅಂಥ ಮರಳಿನ ಗೋಡೆಯೊಂದನ್ನು ಕಟ್ಟೆಯ ತಿರುಳಿನ ಹಿಂದೆ ಬುಡದಿಂದ ನೆತ್ತಿಯವರೆಗೂ, ಬಂಡೆಗೆ ತಾಗುವ ಕಡೆಯೂ ಬಿಡದೆ ನಿಲ್ಲಿಸುವುದು ಆ ಮೇಲೆ ಮಣ್ಣಿನ ಅಣೆಕಟ್ಟುಗಳಲ್ಲಿ ರೂಢಿಯಾಯಿತು.

ಆ ಮರಳು ಹಾಕಿದ ಕೊಳವೆಯಲ್ಲಿ ನೀರು ಬಿಟ್ಟಾಗ ಕಾಣುತ್ತಿದ್ದದ್ದು ಇಷ್ಟು. ಮೊದಲ ಕ್ಷಣ ನೀರು ಕದಡಿ ಬರುತ್ತಿತ್ತು. ತೂತಿನಿಂದ ಕಿತ್ತುಬಂದ ಕಾಳುಗಳು ಮರಳಿನ ಮುಖಕ್ಕೆ ತಾಗಿ ಅಲ್ಲೇ ಕೂತು, ಒಂದರ ಹಿಂದೊಂದು ಸೇರಿ ತೂತಿನ ಬಾಯಿಯನ್ನು ತಾವೇ ಮುಚ್ಚುತ್ತಿದ್ದವು. ಕೆಳಗಿನ ಧಾರೆ ಸಣ್ಣದಾಗುತ್ತಿತ್ತು. ಆಮೇಲೆ ಬೀಳುತ್ತಿದ್ದ ಹನಿಗಳು ತಿಳಿಯಾಗಿದ್ದವು.